ಜನಿವಾರದಲ್ಲಿ ಕೆಂಪು ಚಾವಿ

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ, ಕೆಂಪು ಚಾವಿ ಮಾವನವರ ಜನಿವಾರದಲ್ಲಿ ತೂಗಾಡುತ್ತಿದ್ದಾಗಲೇ, ಗಾಡಿಯೊಳಗಿನ ಫ್ಯಾನು ತಾನಾಗಿ ತಿರುಗಲು ಶುರುಮಾಡಿತು. ಮಗಳನ್ನು ಎಷ್ಟು ಹೊತ್ತಿಗೆ ಎಬ್ಬಿಸಲಿ ಎಂದು ಆಗಷ್ಟೇ ಫೋನು ನೋಡಿದ್ದರಿಂದ ಗಂಟೆ ನೆನಪಿದೆ. ಚಾವಿ ತೆಗೆದ ಮೇಲೆ ಆ ಗಾಡಿಯಲ್ಲಿ ಒಂದು ದೀಪವೂ ಉರಿಯಬಾರದು. ಅದು ಮಾವನವರ ಮಾತು, ಮತ್ತು ಕರೆಂಟಿನ ವಿಷಯದಲ್ಲಿ ನಮ್ಮಲ್ಲಿ ಅವರ ಮಾತೇ ಕೊನೆಯ ಮಾತು. ಫ್ಯಾನು ಮಾತ್ರ ಯಾರೋ ಬೆರಳಿನಿಂದ ತಳ್ಳಿದ ಹಾಗೆ ನಿಧಾನವಾಗಿ ಒಂದು ಸುತ್ತು ತಿರುಗಿತು, ನಿಂತಿತು, ಮತ್ತೆ ತಿರುಗಿತು. ಅದರ ಕೆಳಗೆ ನನ್ನ ಮಗಳು ಬಾಯಿ ತೆರೆದು ಮಲಗಿದ್ದಳು.

ಮಾವ ಎಂದರೆ ನನ್ನ ಹೆಂಡತಿ ಸುಮಾಳ ತಂದೆ. ಭದ್ರಾವತಿಯ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಫೋರ್ಮನ್ ಆಗಿದ್ದು ನಿವೃತ್ತರಾದವರು. ಅಲ್ಲಿ ಒಂದು ಕ್ರಮವಿತ್ತಂತೆ. ಯಾವ ಯಂತ್ರದ ರಿಪೇರಿಗೆ ಇಳಿಯುತ್ತೀರೋ ಅದರ ಮೇನ್ ಸ್ವಿಚ್ಚಿನ ಚಾವಿ ನಿಮ್ಮ ಹತ್ತಿರವೇ ಇರಬೇಕು, ಕೆಲಸ ಮುಗಿಯುವವರೆಗೆ ಬೇರೆ ಯಾರೂ ಅದನ್ನು ಚಾಲೂ ಮಾಡುವಂತಿಲ್ಲ. ಉಳಿದವರು ಚಾವಿಯನ್ನು ಜೇಬಿನಲ್ಲಿ ಹಾಕಿಕೊಂಡರೆ ಇವರು ಜನಿವಾರಕ್ಕೆ ಕಟ್ಟಿಕೊಳ್ಳುತ್ತಿದ್ದರು. "ಅಂಗಿ ಬಿಚ್ಚಿಡಬಹುದು ಅಳಿಯಂದ್ರೇ, ಜನಿವಾರ ಬಿಚ್ಚಿಡಕ್ಕಾಗತ್ತಾ? ಚಾವಿ ನನ್ನ ಮೈಮೇಲಿದ್ರೆ ಕರೆಂಟು ನನ್ನ ಮೈಮೇಲೆ ಬರಲ್ಲ."

ಕೆಲಸ ಬಿಟ್ಟ ಮೇಲೆ ಈ ಅಭ್ಯಾಸ ಬಿಡುವ ಬದಲು ಬೆಳೆಯಿತು. ಬೀರುವಿನ ಉಕ್ಕಿನ ಚಾವಿ, ದೇವರ ಮನೆಯ ಹಿತ್ತಾಳೆ ಚಾವಿ, ಒಂದೆರಡು ಪಿನ್ನು ಎಲ್ಲವೂ ಎದೆಯ ಮೇಲೆ ಬಂದವು. ಬೀರು ತೆಗೆಯಬೇಕಾದರೂ ದಾರದಿಂದ ಚಾವಿ ಬಿಚ್ಚುತ್ತಿರಲಿಲ್ಲ. ಬೀರುವನ್ನು ಅಪ್ಪಿಕೊಂಡವರಂತೆ ಎದೆ ಒತ್ತಿ ನಿಂತು, ಕತ್ತು ಒಂದು ಪಕ್ಕಕ್ಕೆ ತಿರುಗಿಸಿ ಚಾವಿ ತಿರುಗಿಸುತ್ತಿದ್ದರು. ನಮ್ಮ ಮದುವೆಯ ಸೀರೆ ತೆಗೆಯುವ ದಿನ ಇದನ್ನು ಮೊದಲ ಸಲ ನೋಡಿ, ಇವರಿಗೆ ಎದೆನೋವೇನೋ ಎಂದು ನಾನು ನೀರು ತರಲು ಓಡಿದ್ದೆ. ಅತ್ತೆ ನಕ್ಕರು. "ಇವ್ರು ಬರೋದು ದನದ ಗಂಟೆ ಥರ ದೂರದಿಂದ್ಲೇ ಕೇಳತ್ತೆ. ಅದೊಂದು ಅನುಕೂಲ ನನಗೆ." ಮಗಳು ಮಾತ್ರ ಅವರು ಎತ್ತಿಕೊಂಡಾಗಲೆಲ್ಲ "ಅಜ್ಜ, ಚುಚ್ಚತ್ತೆ!" ಎಂದು ಒದ್ದಾಡಿ ಇಳಿಯುತ್ತಿದ್ದಳು.

ಮನೆಗಾಡಿ ಮಾಡಿಸಿದ್ದು ಅತ್ತೆಯ ಸಲುವಾಗಿ. ಅವರ ಮಡಿ ಕಟ್ಟುನಿಟ್ಟು. ಹೋಟೆಲಿನ ಅನ್ನ ಇರಲಿ, ಕಾಫಿಯನ್ನೂ ಮುಟ್ಟುವುದಿಲ್ಲ. ಕಾಶಿಗೆ ಹೋಗಬೇಕೆಂದು ಮದುವೆಯಾದ ದಿನದಿಂದ ಹೇಳುತ್ತಿದ್ದವರು ಅದೇ ಕಾರಣಕ್ಕೆ ಸಾಗರ ಪೇಟೆಯ ಆಚೆ ಹೋದವರಲ್ಲ. ಕೊನೆಗೆ ಮಾವ ಒಂದು ಹಳೇ ಟೆಂಪೋ ಟ್ರಾವೆಲರ್ ಕೊಂಡು ತಂದು, ಕಾರ್ಖಾನೆಯಲ್ಲಿ ಜೊತೆಗಿದ್ದ ಫಿಟ್ಟರ್ ಮುರುಗೇಶಣ್ಣನನ್ನು ಕೂರಿಸಿಕೊಂಡು, ಅದರೊಳಗೆ ಒಂದು ಅಡುಗೆ ಕಟ್ಟೆ, ಗ್ಯಾಸು, ನೀರಿನ ಟ್ಯಾಂಕು, ಹಿಂಭಾಗದಲ್ಲಿ ಮಂಚ ಎಲ್ಲವನ್ನೂ ಕೂರಿಸಿದರು. ದೀಪ, ಫ್ಯಾನುಗಳಿಗೆಂದು ಎರಡು ದೊಡ್ಡ ಬ್ಯಾಟರಿಗಳು ಮಂಚದ ಕೆಳಗೆ. ಗಾಡಿಯ ಹಿಂದಿನಿಂದ ಒಂದು ಸಣ್ಣ ಬಾಗಿಲು ತೆಗೆದರೆ ಅವು ಕೈಗೆ ಸಿಗುತ್ತಿದ್ದವು. ಪಕ್ಕದಲ್ಲೇ ಬ್ಯಾಟರಿಯ ಸಂಪರ್ಕ ಪೂರ್ತಿ ಕಡಿಯುವ ಮೇನ್ ಸ್ವಿಚ್ಚು, ಅದಕ್ಕೆ ಒಂದು ಕೆಂಪು ಚಾವಿ. ಆ ಚಾವಿಯೂ ಜನಿವಾರಕ್ಕೇ ಬಂತೆಂದು ಹೇಳಬೇಕಾಗಿಲ್ಲ.

ಜೀವಮಾನವೆಲ್ಲ ಸಾವಿರಾರು ವೋಲ್ಟಿನ ಜೊತೆ ಬದುಕಿದವರಿಗೆ ಈ ಬ್ಯಾಟರಿ ಎಂದರೆ ತಾತ್ಸಾರ. "ಹನ್ನೆರಡು ವೋಲ್ಟು! ಅದು ಕರೆಂಟಲ್ಲ ಅಳಿಯಂದ್ರೇ, ಕಚಗುಳಿ."

ಕಾಶಿಗೆ ಮುಂಚೆ ಒಂದು ಸಣ್ಣ ಪರೀಕ್ಷೆಯಾಗಲಿ ಎಂದು ಆ ಭಾನುವಾರ ಗಾಜನೂರಿಗೆ ಹೋಗಿದ್ದೆವು. ತುಂಗೆಯಲ್ಲಿ ಸ್ನಾನ, ಮರದ ಕೆಳಗೆ ಮಣೆ ಹಾಕಿ ಊಟ. ಊಟವಾದ ಮೇಲೆ ಮಗಳು ಮಂಚದ ಮೇಲೆ ನಿದ್ದೆಹೋದಳು. ಅತ್ತೆ, ಸುಮಾ ಪಾತ್ರೆ ತೊಳೆಯಲು ಹೊಳೆಗೆ ಇಳಿದರು. ಆಗ ಫ್ಯಾನಿನ ವೇಗ ಏರುವುದು ಇಳಿಯುವುದು ಶುರುವಾಯಿತು. ಮಾವ ಚಾವಿ ತಿರುಗಿಸಿ ತೆಗೆದು, ದಾರಕ್ಕೆ ಕಟ್ಟಿಕೊಂಡು, "ಈಗ ಸತ್ತಿದೆ, ನೋಡೋಣ" ಎಂದರು. ಆಗಲೇ ಅದು ತಾನಾಗಿ ತಿರುಗಿದ್ದು.

ಮಾವ ಹಿಂದಿನ ಸಣ್ಣ ಬಾಗಿಲು ತೆಗೆದು, ಬೆರಳ ಹಿಂಬದಿಯನ್ನು ಸ್ವಿಚ್ಚಿಗೆ ಮುಟ್ಟಿಸಿ ಸರಕ್ಕನೆ ಹಿಂದೆಳೆದುಕೊಂಡರು. ಪ್ಲಾಸ್ಟಿಕ್ ಸುಟ್ಟ ವಾಸನೆ ನನಗೂ ಬಂತು.

"ಬಿಸಿ ಇರೋ ಕಡೆ ಎಲ್ಲೋ ಸಡಿಲ ಇರತ್ತೆ," ಎಂದರು. ಇದು ಅವರು ಜನರ ಬಗ್ಗೆಯೂ ಹೇಳುತ್ತಿದ್ದ ಮಾತು. ಆದರೆ ಆ ಹೊತ್ತು ಅವರ ಮುಖದಲ್ಲಿ ನಗು ಇರಲಿಲ್ಲ. "ಸ್ವಿಚ್ಚು ಸುಳ್ಳು ಹೇಳ್ತಿದೆ. ಬ್ಯಾಟರಿ ವೈರನ್ನೇ ಕಳಚಿಬಿಡ್ತೀನಿ."

"ಮಗೂನ ಎಬ್ಬಿಸ್ಲಾ ಮಾವ?"

"ಮಲಗಿರ್ಲಿ ಬಿಡಿ ಮಾರಾಯ್ರೇ. ಎರಡು ನಿಮಿಷದ ಕೆಲಸ."

ಎಚ್ಚರಿಕೆಯ ಮನುಷ್ಯ. ಸ್ಪ್ಯಾನರಿನ ಹಿಡಿಗೆ ಇನ್ಸುಲೇಷನ್ ಟೇಪು ಸುತ್ತಿಕೊಂಡರು. ಕೈಯ ಉಂಗುರ ತೆಗೆದು ನನಗೆ ಕೊಟ್ಟರು, ಗಡಿಯಾರ ಕೊಟ್ಟರು. ಸ್ನಾನ ಮಾಡಿ ಬರಿ ಮೈಯಲ್ಲಿದ್ದರು. ಬಗ್ಗಿದರು. ಜನಿವಾರ ಜೋತುಬಿತ್ತು. ಚಾವಿಗೊಂಚಲು ಅವರ ಎದೆಯಿಂದ ದೂರ ಸರಿದು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತೂಗಿದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಅದಕ್ಕೆ ಅರ್ಥವಿದೆ ಎಂದು ಹೊಳೆಯುವಷ್ಟರಲ್ಲಿ ಬೀರುವಿನ ಉಕ್ಕಿನ ಚಾವಿ ಬ್ಯಾಟರಿಯ ಟರ್ಮಿನಲ್ಲಿಗೂ ಅದನ್ನು ಬಿಗಿದಿದ್ದ ಕಬ್ಬಿಣದ ಪಟ್ಟಿಗೂ ನಡುವೆ ಬಿತ್ತು.

ಬಿಳಿ ಬೆಳಕು. ಬಟ್ಟೆ ಹರಿದಂಥ ಸದ್ದು. ಮಾವನ ಎದೆ ಒಮ್ಮೆ ಆ ಕಾದ ಚಾವಿಗೆ ಒತ್ತಿತು, ಅವರು ಹಿಂದಕ್ಕೆ ಕುಸಿದರು. ಸುಟ್ಟ ದಾರ ಹರಿದಿತ್ತು, ಗೊಂಚಲು ಅಲ್ಲೇ ಅಂಟಿಕೊಂಡು ಕೆಂಡದಂತೆ ಕೆಂಪಾಗುತ್ತಿತ್ತು. ಹೊಗೆ ಮಂಚದ ಹಲಗೆಯ ಸಂದಿಯಿಂದ ಮೇಲೆ ಏರಿತು.

ನಾನು ಸುತ್ತಿ ಬಂದು ಪಕ್ಕದ ಬಾಗಿಲು ಎಳೆದೆ. ಅದು ಬರಲಿಲ್ಲ. ಆ ಬಾಗಿಲಿಗೆ ಒಂದು ಹಟವಿತ್ತು, ಮಾವನಿಗೆ ಮಾತ್ರ ಒಗ್ಗಿದ್ದು. ಮತ್ತೆ ಎಳೆದೆ. ಒಳಗೆ ಮಗಳು ಕೆಮ್ಮಿದ್ದು ಕೇಳಿಸಿತು. "ಎತ್ತಿ ಎಳೀರಿ! ಎತ್ತಿ!" ಎಂದು ಹಿಂದಿನಿಂದ ಮಾವನ ಕೂಗು. ಎತ್ತಿದೆ, ಎಳೆದೆ, ಬಾಗಿಲು ಸರಿಯಿತು. ಅವಳನ್ನು ಹೊದಿಕೆಯ ಸಮೇತ ಬಾಚಿಕೊಂಡು ಮರದವರೆಗೆ ಓಡಿದೆ. ತಿರುಗಿ ನೋಡಿದರೆ ಮಾವ ಅತ್ತೆಯ ಊಟದ ಮಣೆಯನ್ನು ಎರಡೂ ಕೈಯಲ್ಲಿ ಹಿಡಿದು, ಆ ಕೆಂಪು ಗೊಂಚಲಿಗೆ ಹೊಡೆಯುತ್ತಿದ್ದರು. ಅಡುಗೆ ಕಟ್ಟೆಯ ಕೆಳಗೆ ಗ್ಯಾಸ್ ಸಿಲಿಂಡರಿದೆ ಎಂಬುದು ನನಗೆ ಆಗ ನೆನಪಾಯಿತು. ಅವರಿಗೆ ಮೊದಲಿಂದಲೂ ನೆನಪಿತ್ತೆಂದು ಕಾಣುತ್ತದೆ. ಗೊಂಚಲು ಕಳಚಿ ಬಿತ್ತು. ಹೊತ್ತಿದ್ದ ಹಾಸಿಗೆಯ ಮೂಲೆಗೆ ಹೊಳೆಯ ಮರಳು ಸುರಿದೆವು.

ಅವತ್ತಿನಿಂದ ಕಣ್ಣು ಮುಚ್ಚಿದರೆ ನನಗೆ ಆ ಬಾಗಿಲು. ಎತ್ತದೆ ಎಳೆಯುತ್ತಲೇ ಇರುತ್ತೇನೆ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಮಾವನ ಎದೆಗೆ, ಅಂಗೈಗೆ ಪಟ್ಟಿ ಕಟ್ಟಿದರು. ಅತ್ತೆ ಹೊಸ ಜನಿವಾರ ಹಿಡಿದುಕೊಂಡು ಬಂದು ಮಂಚದ ಪಕ್ಕ ನಿಂತರು. "ಇದಕ್ಕೆ ಒಂದು ಪಿನ್ನು ಕಟ್ಟಿದ್ರೂ ನಾನು ನಿಮ್ಮ ಜೊತೆ ಮಾತಾಡಲ್ಲ, ಹೇಳಿದೀನಿ."

ಮಾವ ತಲೆ ಆಡಿಸಿದರು. ಅವರು ಅತ್ತೆಗೆ ಎದುರಾಡದೆ ಒಪ್ಪಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಗಾಯ ಒಣಗುವ ಮೊದಲೇ ಸ್ವಿಚ್ಚನ್ನು ಬಿಚ್ಚಿಸಿ ಭದ್ರಾವತಿಯ ಮನೆಯ ಜಗಲಿಗೆ ತರಿಸಿಕೊಂಡರು. ಮುರುಗೇಶಣ್ಣ ಅದನ್ನು ಬಿಸಾಡಿ ಹೊಸದು ಹಾಕೋಣ ಎಂದ.

"ಮೊದ್ಲು ಅದನ್ನ ಕೇಳೋಣ, ಆಮೇಲೆ ಒಡೆಯೋಣ," ಎಂದು ಮಾವ ಮೀಟರಿನ ಎರಡು ಕಡ್ಡಿಗಳನ್ನು ಎರಡು ಕಡೆಗೆ ಹಿಡಿಸಿದರು. ಚಾವಿಯಿಲ್ಲದ ಸ್ವಿಚ್ಚು ಆಫ್‌ನಲ್ಲೇ ಇತ್ತು. ಸ್ಪ್ಯಾನರಿನ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಒಳಗೆ ಸಂಪರ್ಕ ಕೂಡಿತೆಂದು ಮೀಟರು 'ಕುಂಯ್' ಎಂದಿತು. ಇನ್ನೊಮ್ಮೆ ತಟ್ಟಿದರೆ ಸುಮ್ಮನಾಯಿತು. "ನೋಡಿ ಅಳಿಯಂದ್ರೇ. ಮಗು ಮಗ್ಗುಲು ಬದಲಾಯಿಸಿದಾಗಲೆಲ್ಲ ಫ್ಯಾನು ತಿರುಗಿದ್ದು ಹೀಗೆ."

ಗರಗಸದಿಂದ ಕೊಯ್ದು ತೆರೆದಾಗ, ಒಳಗೆ ತಾಮ್ರದ ಪಟ್ಟಿಯನ್ನು ಹಿಡಿದಿರಬೇಕಾದ ಪ್ಲಾಸ್ಟಿಕ್ಕು ಕರಗಿಹೋಗಿತ್ತು. ಅಷ್ಟು ದಿನವೂ ಚಾವಿ ತಿರುಗುತ್ತಿತ್ತು, ಪಟ್ಟಿ ಮಾತ್ರ ತನಗೆ ಬೇಕಾದಲ್ಲಿ ಬಿದ್ದುಕೊಂಡಿತ್ತು. ಹಿಂಬದಿಯ ಒಂದು ನಟ್ಟು ಸಡಿಲವಾಗಿ, ಕಾದು ಕಾದು ಹೀಗಾಗಿತ್ತು.

"ಈ ನಟ್ಟು ನಾನೇ ಬಿಗಿದಿದ್ದು," ಎಂದರು ಮಾವ.

"ವಿಡು ಸಾಮಿ, ಬಿಡಿ. ರೋಡು ಅಲುಗಾಡ್ಸಿ ಸಡಿಲ ಮಾಡಿರತ್ತೆ," ಎಂದ ಮುರುಗೇಶಣ್ಣ.

"ಫೋರ್ಮನ್ ಅಂತ ಕರೆಸ್ಕೊಂಡಿದ್ದು ರೋಡಲ್ಲ ಕಣೋ, ನಾನು."

ಒಳಗಿನಿಂದ ಅತ್ತೆ ಕಾಫಿ ಕೊಟ್ಟು ಕಳಿಸಿದ್ದು ತಣ್ಣಗಾಯಿತು.

ಹೊಸ ಸ್ವಿಚ್ಚು ಬಂತು, ಅದಕ್ಕೂ ಕೆಂಪು ಚಾವಿಯೇ. ಮಾವ ಮಾತ್ರ ಚಾವಿಯ ಧರ್ಮವನ್ನು ಬಿಟ್ಟಿದ್ದರು. ಗಾಡಿ ನಿಲ್ಲಿಸಿದ ಮೇಲೆ ಬ್ಯಾಟರಿಯ ವೈರನ್ನೇ ಕಳಚಿ ಪಕ್ಕಕ್ಕಿಡಬೇಕು. ವೈರಿಗೂ ಬ್ಯಾಟರಿಗೂ ನಡುವಿನ ಜಾಗ ಕಣ್ಣಿಗೆ ಕಾಣಬೇಕು. ರಿಪೇರಿಯಾದ ಗಾಡಿಯನ್ನು ಶಿವಮೊಗ್ಗದ ಗೋಪಾಳದಲ್ಲಿರುವ ನಮ್ಮ ಮನೆಯ ಮುಂದೆ ನಿಲ್ಲಿಸಿಹೋದರು. ಅಂದಿನಿಂದ ದಿನಾ ರಾತ್ರಿ ಊಟದ ಹೊತ್ತಿಗೆ ಅವರ ಫೋನು.

"ಅಳಿಯಂದ್ರೇ, ವೈರು ಕಳಚಿದೆಯಾ?"

"ಕಳಚಿದೆ ಮಾವ. ಗಾಡಿ ತೆಗೆದೇ ಇಲ್ವಲ್ಲ."

"ಕಣ್ಣಾರೆ ನೋಡಿದ್ರಾ?"

ನಾನು ಟಾರ್ಚು ಹಿಡಿದು ಹೋಗಿ ನೋಡಿ ಬರುತ್ತಿದ್ದೆ. ಅವರು ಫೋನಿನಲ್ಲೇ ಕಾಯುತ್ತಿದ್ದರು. ನೋಡಿ ಬಂದ ಮೇಲೂ ಮಲಗಿದರೆ ನಿದ್ದೆಯಿಲ್ಲ. ಮೂಗಿಗೆ ಸುಟ್ಟ ವಾಸನೆ ಬಂದಂತಾಗಿ ಎದ್ದು, ಮನೆಯ ಒಂದೊಂದು ಸ್ವಿಚ್ಚನ್ನೂ ಬೆರಳ ಹಿಂಬದಿಯಿಂದ ಮುಟ್ಟಿ, ಮಗಳ ಉಸಿರು ಕೇಳಿ ಬರುತ್ತಿದ್ದೆ. ಭದ್ರಾವತಿಯಲ್ಲಿ ಮಾವನೂ ಹಾಗೇ ಓಡಾಡುತ್ತಾರೆಂದು ಅತ್ತೆ ಹೇಳಿದರು. "ಒಂದು ವೈರಿಗೆ ಇಬ್ಬರು ಕಾವಲುಗಾರರು," ಎಂದು ಸುಮಾ ಹಂಗಿಸಿದಳು. ಆದರೆ ಟಾರ್ಚನ್ನು ಚಾರ್ಜಿಗೆ ಹಾಕಿಡುತ್ತಿದ್ದುದು ಅವಳೇ.

ಕೊನೆಯ ಸಲ ಮಾವನವರನ್ನು ನೋಡಿದ್ದು ಭದ್ರಾವತಿಯ ಮನೆಯಲ್ಲಿ. ಬೀರುವಿನ ಹೊಸ ಚಾವಿ ಬಾಗಿಲ ಪಕ್ಕದ ಮೊಳೆಯಲ್ಲಿ ಎಲ್ಲರಿಗೂ ಕಾಣುವಂತೆ ನೇತಾಡುತ್ತಿತ್ತು. ಮಾವ ಕುರ್ಚಿಯಲ್ಲಿ ಕೂತು ಮೊಮ್ಮಗಳನ್ನು ಕರೆದರು. "ಬಾ ಪುಟ್ಟಿ, ಅಜ್ಜ ಈಗ ಚುಚ್ಚಲ್ಲ." ಅವಳು ಸಂಶಯದಿಂದಲೇ ಹತ್ತಿ ಕೂತು, ಅವರ ಎದೆಯ ಮೇಲಿನ ಕಲೆಯನ್ನು ಬೆರಳಿನಿಂದ ತಡವಿದಳು. ಬೀರುವಿನ ಚಾವಿಯ ಹಲ್ಲುಗಳ ಗುರುತು ಅಲ್ಲಿ ಸ್ಪಷ್ಟವಾಗಿತ್ತು. "ಇದ್ರಿಂದ ಬೀರು ತೆಗೀಬಹುದಾ ಅಜ್ಜ?" ಎಂದು ಕೇಳಿದಳು. ಮಾವ ಜೋರಾಗಿ ನಕ್ಕರು, ನಗುತ್ತಾ ಅವಳ ತಲೆಯ ಮೇಲಿಂದ ನನ್ನ ಕಡೆ ನೋಡಿದರು. ಆ ನೋಟದಲ್ಲಿ ನಗು ಇರಲಿಲ್ಲ. ಹೊರಡುವಾಗ ಗೇಟಿನವರೆಗೂ ಬಂದರು. "ಕಣ್ಣಾರೆ ನೋಡಿ, ಆಯ್ತಾ?"

ಅದೇ ವಾರ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಹೃದಯ ನಿಂತಿತ್ತು.

ಕರ್ಮಾಂತರವೆಲ್ಲ ಮುಗಿದ ಮೇಲೆ ಅತ್ತೆ, "ಆ ಗಾಡೀಲಿ ಕರ್ಕೊಂಡ್ ಹೋಗಿ. ಅದು ನನಗೆ ಅಂತ ಮಾಡ್ಸಿದ್ದು," ಎಂದರು. ಕಾಶಿಯ ಮಾತು ಆಮೇಲೆ. ಮೊದಲು ಗಾಜನೂರು, ಅದೇ ಮರ. ಕತ್ತಲಾಗುವ ಮುಂಚೆ ನಾನು ಹಿಂದಿನ ಬಾಗಿಲು ತೆಗೆದು ವೈರು ಕಳಚಿದೆ. ಅತ್ತೆ ಪಕ್ಕದಲ್ಲಿ ನಿಂತು ಬಗ್ಗಿ ನೋಡಿದರು. ಒಳಗೆ ಹೋಗಿ, ಅಂಚು ಕರಕಾಗಿದ್ದ ಆ ಮಣೆಯನ್ನು ತಂದು, ವೈರಿಗೂ ಬ್ಯಾಟರಿಗೂ ನಡುವೆ ನಿಲ್ಲಿಸಿದರು.

"ಈಗ ಕಾಣತ್ತೆ," ಎಂದರು.

ಊಟದ ಹೊತ್ತಿಗೆ ಫೋನು ಬರಲಿಲ್ಲ. ಅದು ಸುಮ್ಮನೆ ಮಗ್ಗುಲಲ್ಲಿ ಬಿದ್ದಿತ್ತು. ನಾನು ಅದನ್ನೇ ನೋಡುತ್ತಾ ಮಲಗಿದೆ.

ಎಚ್ಚರವಾದಾಗ ಬಿಸಿಲು ಕಾಲಿನ ಮೇಲಿತ್ತು. ಅಡುಗೆ ಕಟ್ಟೆಯಲ್ಲಿ ಅತ್ತೆ ಕಾಫಿ ಸೋಸುತ್ತಿದ್ದರು. "ಎರಡು ಸಲ ಕರೆದೆ, ನೀವು ಮಿಸುಕಾಡ್ಲಿಲ್ಲ," ಎಂದರು. ಆಮೇಲೆ ಮಂಚದ ಕಡೆ ತಿರುಗಿ, "ಮಗೂನ ಎಬ್ಬಿಸ್ಲಾ?" ಎಂದು ಕೇಳಿದರು.

ಫ್ಯಾನು ನಿಂತಿತ್ತು. ಅದರ ಕೆಳಗೆ ಮಗಳು ಬಾಯಿ ತೆರೆದು ಮಲಗಿದ್ದಳು.

"ಮಲಗಿರ್ಲಿ ಬಿಡಿ ಅತ್ತೆ," ಎಂದೆ.