ನನ್ನ ಪಗಾರ ಕಡಿಮೆ ಮಾಡಿರೆಂದು ಕೇಳಿದ್ದು

ನಾನು ಸೊಲ್ಲಾಪುರದ ಗಿರಣಿಯಲ್ಲಿ ಮಗ್ಗ ನಡೆಸುತ್ತಿದ್ದಾಗ ಸರಕಾರ ನಮ್ಮ ಮುಪ್ಪಿನ ಬಗ್ಗೆ ಚಿಂತೆ ಮಾಡಲು ಶುರುಮಾಡಿತು. ನಮಗೆ ಆ ಚಿಂತೆ ಇರಲಿಲ್ಲ. ದಿನವೂ ಹತ್ತಿಯ ಧೂಳು ಕುಡಿಯುವವರು ಅಷ್ಟು ದೂರ ಹೋಗುವುದು ಕಡಿಮೆ. ಆದರೂ ಪಗಾರದಲ್ಲಿ ರೂಪಾಯಿಗೆ ಒಂದಾಣೆಯಂತೆ ಕಡಿದು ಪ್ರಾವಿಡೆಂಟ್ ಫಂಡಿಗೆ ಹಾಕತೊಡಗಿದರು. ಮಾಲೀಕರೂ ಅಷ್ಟೇ ಹಾಕಬೇಕಿತ್ತು. ಅವರು ಎಷ್ಟು ಸಂತೋಷದಿಂದ ಹಾಕಿದರೆಂದರೆ, ಅದೇ ತಿಂಗಳು ಕಕ್ಕಸಿನ ಮುಂದಿನ ದೀಪ ತೆಗೆಸಿದರು.

ಆಗ ನಾನು ಹೊಸದಾಗಿ ಓದು ಕಲಿತಿದ್ದೆ. ಇಪ್ಪತ್ತಾರನೇ ವಯಸ್ಸಿನಲ್ಲಿ, ಪಾಳಿ ಮುಗಿಸಿಕೊಂಡು, ದೊಡ್ಡವರ ಶಾಲೆಯಲ್ಲಿ ಕೂತು ಮರಾಠಿ ಅಕ್ಷರ ತಿದ್ದಿದವನು ನಾನು. ಕನ್ನಡ ಅಕ್ಷರ ಆಮೇಲೆ ಬಂತು. ಹೊಸದಾಗಿ ಓದು ಕಲಿತವನ ಕಣ್ಣಿಗೆ ಬೀಳುವಂತೆ ನೋಟೀಸು ಹಚ್ಚಬಾರದು. ಟೈಮ್ ಆಫೀಸಿನ ಗೋಡೆಯ ಮೇಲಿದ್ದ ಫಂಡಿನ ನೋಟೀಸಿಗೆ ಉಳಿದವರೆಲ್ಲ ತಂಬಾಕಿನ ಸುಣ್ಣದ ಬೆರಳು ಒರೆಸುತ್ತಿದ್ದರು. ನಾನು ಮೂರು ದಿನ ನಿಂತು ಅದನ್ನು ಕೊನೆಯವರೆಗೂ ಓದಿದೆ. ಇಷ್ಟವಿದ್ದವರು ಒಂದಾಣೆಯ ಮೇಲೆ ರೂಪಾಯಿಗೆ ಇನ್ನೂ ನಾಲ್ಕು ಪೈ ಹೆಚ್ಚಿಗೆ ಕಡಿಸಿಕೊಳ್ಳಬಹುದು ಎಂದು ಕೊನೆಯಲ್ಲಿತ್ತು. ಆ ನಾಲ್ಕು ಪೈಗೆ ಮಾಲೀಕರು ಏನೂ ಸೇರಿಸುವುದಿಲ್ಲ ಎಂದೂ ಇತ್ತು. ಅದನ್ನು ಮಾತ್ರ ದಪ್ಪ ಅಕ್ಷರದಲ್ಲಿ ಬರೆದಿದ್ದರು.

ಟೈಮ್ ಆಫೀಸಿನ ಕಾರಕೂನನ ಮುಂದೆ ಹೋಗಿ ನಿಂತೆ.

"ಪಗಾರ ಹೆಚ್ಚ ಮಾಡ್ರಿ ಅಂತ ಬರೋರನ್ನ ದಿನಾ ನೋಡ್ತೀನಿ. ಕಡಿಮಿ ಮಾಡ್ರಿ ಅಂತ ಬಂದಾವ ನೀನೇ ಪಹಿಲಾ," ಎಂದ. ಆಮೇಲೆ ಕನ್ನಡಕದ ಮೇಲಿಂದ ನೋಡಿ, "ಮನ್ಯಾಗ ಎಲ್ಲಾ ಠೀಕ ಅದ ಅಲಾ?" ಎಂದು ಕೇಳಿದ.

ಯಾರೂ ಕೇಳದ ಅರ್ಜಿಯ ಫಾರಂ ಎಲ್ಲಿದೆ ಎಂದು ಅವನಿಗೂ ಗೊತ್ತಿರಲಿಲ್ಲ. ಹಳೆಯ ಕಾಗದದ ಹಿಂಬದಿಗೆ ಗೆರೆ ಎಳೆದು ತಾನೇ ಒಂದು ಮಾಡಿಕೊಟ್ಟ. ಹೆಬ್ಬೆಟ್ಟು ಒತ್ತುವ ಜಾಗದಲ್ಲಿ ನಾನು ಸಹಿ ಮಾಡಿದೆ. ನನ್ನ ಸಹಿ ಮುಗಿಯುವವರೆಗೆ ಹಿಂದೆ ನಿಂತವರು ಒಂದೊಂದು ಬೀಡಿ ಸೇದಿ ಮುಗಿಸಿದರು.

ನಮ್ಮ ಮನೆ ಕುಂಭಾರಿಯಲ್ಲಿ. ಪಗಾರವನ್ನು ಗಂಟು ಬಿಚ್ಚದೆ ಅಪ್ಪನ ಕೈಗೆ ಕೊಡಬೇಕು. ನನ್ನ ಬೀಡಿಗೆ, ಸೈಕಲ್ಲಿನ ಗಾಳಿಗೆ ಅವನೇ ವಾಪಸು ಕೊಡುತ್ತಿದ್ದ. ನಾಲ್ಕು ಪೈಯ ವಿಷಯ ಅಪ್ಪನಿಗೆ ಹೇಳಿದರೆ ಬೇಡ ಎನ್ನುತ್ತಾನೆ, ಹೇಳದಿದ್ದರೆ ಗೊತ್ತಾಗುವುದೇ ಇಲ್ಲ ಎಂದು ನನ್ನ ಹೊಸ ವಿದ್ಯೆ ನನಗೆ ತಿಳಿಸಿತು. ಅಪ್ಪನಿಗೆ ಓದು ಬರುತ್ತಿರಲಿಲ್ಲ, ಅಷ್ಟೇ. ಮೊದಲ ತಿಂಗಳೇ ಒಂದೂವರೆ ರೂಪಾಯಿ ಕಡಿಮೆ ಇದೆ ಎಂದು ಅವನ ಬೆರಳಿಗೆ ತಿಳಿಯಿತು. ನನ್ನ ಪಕ್ಕದ ಮಗ್ಗದಲ್ಲಿ ನಮ್ಮೂರಿನವನೇ ಒಬ್ಬನಿದ್ದ. ಅಪ್ಪ ಹೋಗಿ ಅವನನ್ನು ಕೇಳಿಕೊಂಡು ಬಂದ. ಆ ಪುಣ್ಯಾತ್ಮ ಹುಟ್ಟಿದಾಗಿನಿಂದ ಒಂದೂ ನಿಜ ಹೇಳಿದವನಲ್ಲ, ಅವತ್ತು ಹೇಳಿದ: ಎಲ್ಲರಿಗೂ ಒಂದೇ ಆಣೆ ಕಡಿಯುತ್ತಾರೆ.

ಎರಡನೇ ತಿಂಗಳು ಅಪ್ಪ ಕೇಳಿದ. "ಅವಗ ಇಲ್ಲದ್ದು ನಿನಗೊಬ್ಬನಿಗಿ ಯಾಕ ಕಡೀತಾರ?"

"ನಾನೇ ಕೇಳಿ ಕಡಿಸಿಕೊಂಡೀನಿ ಅಪ್ಪಾ. ಮುಪ್ಪಿನ ಕಾಲಕ್ಕ ಆಗ್ತದ."

"ಯಾರ ಮುಪ್ಪಿಗಿ? ಎದುರಿಗಿ ಮುದುಕ ನಾ ಕುಂತೀನಿ. ನಿನ್ನ ಮುಪ್ಪು ಎಲ್ಲಿ ಅದ, ತೋರ್ಸು!"

ತೋರಿಸಲು ಆಗಲಿಲ್ಲ. ಕೂಲಿಗೆ ಹೋದವನು ತಾನೇ ಕೂಲಿ ಕಡಿಮೆ ಮಾಡಿಸಿಕೊಂಡು ಬಂದ ಎಂದರೆ ಯಾರು ನಂಬುತ್ತಾರೆ?

"ಶೆರೆ ಕುಡೀತಿ, ಇಲ್ಲಾ ತಮಾಶಾದಾಗ ಕುಣಿಯಾಕಿ ಒಬ್ಬಾಕಿಗಿ ಕೊಡ್ತಿ," ಎಂದ ಅಪ್ಪ. ಆಗ ಮುಂಬಯಿ ರಾಜ್ಯದಲ್ಲೆಲ್ಲ ದಾರುಬಂದಿ, ಶೆರೆ ಮುಟ್ಟುವಂತಿರಲಿಲ್ಲ. ಅಪ್ಪನಿಗೆ ದಾರುಬಂದಿಯ ಮೇಲಿದ್ದ ನಂಬಿಕೆ ನನ್ನ ಮೇಲಿದ್ದಷ್ಟೇ. "ಅಕ್ಕಲಕೋಟ ಸ್ವಾಮಿ ಮಠಕ್ಕ ನಡಿ. ಹೊಸ್ತಿಲ ಮುಟ್ಟಿ ಆಣಿ ಮಾಡು. ನನ್ನ ಮನಸ್ಸಿಗಿ ಖರೇ ಅನಸಲಿಲ್ಲಾಂದ್ರ ಗಿರಣಿ ಬಿಡ್ಸಿ ಎತ್ತಿನ ಹಿಂದ ಹಚ್ಚತೀನಿ. ಆ ಸಾಲಿನೂ ಸಾಕು."

ಅಪ್ಪ ಹೇಳಿದ್ದನ್ನು ಮಾಡುವವನು. ಗಿರಣಿ ಹೋದರೆ ಶಾಲೆಯೂ ಹೋಗುತ್ತಿತ್ತು, ನಾನು ಇನ್ನೂ ಭಾಗಾಕಾರಕ್ಕೇ ಬಂದಿದ್ದೆ.

ರವಿವಾರ ಬಸ್ಸು ಹತ್ತಿದೆವು. ಸಾಕ್ಷಿಗಿರಲಿ ಎಂದು ನನ್ನ ಹೆಂಡತಿಯನ್ನೂ ಕರೆದುಕೊಂಡ. ಮೂವರ ಬಸ್ಸಿನ ಚಾರ್ಜು, ತೆಂಗಿನಕಾಯಿ, ಕರ್ಪೂರ, ಪೇಢೆ. ಒಂದೂವರೆ ರೂಪಾಯಿ ಎಲ್ಲಿ ಹೋಯಿತೆಂದು ತಿಳಿಯಲು ಅಪ್ಪ ಮೂರು ರೂಪಾಯಿ ಖರ್ಚು ಮಾಡಿದ.

ಮಠದ ಹೊಸ್ತಿಲ ಮೇಲೆ ಕೈಯಿಟ್ಟು, ರೊಕ್ಕ ಫಂಡಿನಲ್ಲೇ ಇದೆ ಎಂದೆ. ಅಪ್ಪನ ಮುಖ ಸಡಿಲಾಗಲಿಲ್ಲ.

"ಯಾವಾಗ ಕೊಡ್ತಾರ?"

"ಐವತ್ತೈದು ಆದ ಮ್ಯಾಲ."

"ಅದರೊಳಗ ನಿನಗ ಏನರೆ ಆದ್ರ? ಗಿರಣಿಯಾಂವ ನುಂಗ್ತಾನ, ಅಷ್ಟೇ ಅಲಾ?"

ಇದಕ್ಕೆ ನನ್ನ ಬಳಿ ಪಕ್ಕಾ ಉತ್ತರವಿತ್ತು. ನೋಟೀಸು ಪೂರ್ತಿ ಓದಿದವನಲ್ಲವೇ! ಎದೆ ಉಬ್ಬಿಸಿ ಹೇಳಿದೆ: "ಇಲ್ಲ ಅಪ್ಪಾ. ನಾ ಸತ್ರ ಎಲ್ಲಾ ನಿನಗ ಬರ್ತದ. ಕಾಗದದಾಗ ನಿನ್ನ ಹೆಸರೇ ಬರಸೀನಿ."

ಅಪ್ಪನ ಕೈಯಲ್ಲಿದ್ದ ಪೇಢೆ ಅಲ್ಲೇ ನಿಂತಿತು. "ಸ್ವಾಮಿ ಮುಂದ ನಿಂತು ಏನ ಅಂತೀಯೋ? ನೀ ಹೋಗಬೇಕು, ನಾ ಕುಂತು ರೊಕ್ಕ ಎಣಸಬೇಕು?" ಎಂದ. ಕಣ್ಣು ಒರೆಸಿಕೊಂಡ. ಆ ನಾಲ್ಕು ಪೈ ಸುಳ್ಳಲ್ಲ ಎಂದು ಆಗಲೇ ಅವನ ಮನಸ್ಸಿಗೆ ಬಂತೆಂದು ಕಾಣುತ್ತದೆ. ತಮಾಷೆಗೂ ಯಾರೂ ಅಂಥ ಮಾತು ಹೊಸೆಯುವುದಿಲ್ಲ.

ಅಲ್ಲಿಯವರೆಗೆ ಸೆರಗು ಹಿಡಿದುಕೊಂಡು ನಿಂತಿದ್ದ ನನ್ನ ಹೆಂಡತಿ ಗೋಡೆಯ ಕಡೆ ಮುಖ ಮಾಡಿ ಕೇಳಿದಳು: "ಮಾವಾರಿಗಿ ಅರವತ್ತ ದಾಟ್ಯಾವ. ನನ್ನ ಹೆಸರು ಯಾವ ಕಾಗದದಾಗ ಅದರಿ?"

ನೋಟೀಸಿನಲ್ಲಿ ಇದಕ್ಕೆ ಉತ್ತರ ಬರೆದಿರಲಿಲ್ಲ.

ಮರುದಿನ ಪಾಳಿಗೆ ಮೊದಲು ಅಪ್ಪ ನನ್ನ ಸೈಕಲ್ಲಿನ ಹಿಂದೆ ಕೂತು ಟೈಮ್ ಆಫೀಸಿಗೆ ಬಂದ. "ಸಾಹೇಬ್ರ, ಆ ನಾಲ್ಕು ಪೈ ಕಡೀತೀರಲ್ಲ, ಕಡೀರಿ. ಬೇಕಾದ್ರ ಅವನ ಬೀಡಿ ರೊಕ್ಕಾನೂ ಕಡೀರಿ. ನನ್ನ ಹೆಸರು ಮಾತ್ರ ಹೊಡದ ಹಾಕ್ರಿ," ಎಂದ.

"ಯಾರ ಹೆಸರ ಬರೀಲಿ? ಬಾಯಕೋದ್ದಾ? ಹೆಂಡ್ತಿ ಹೆಸರ ಹೇಳು," ಎಂದ ಕಾರಕೂನ ನನಗೆ.

ಹೆಂಡತಿಯ ಹೆಸರನ್ನು ಅಪ್ಪನ ಎದುರಿಗೆ ನಾನು ಯಾವತ್ತೂ ಕರೆದವನಲ್ಲ. ಬಾಯಿ ತೆರೆದೆ, ಕೆಮ್ಮು ಬಂತು. ಮತ್ತೆ ತೆರೆದೆ. ಕಾರಕೂನ ಲೇಖಣಿ ಎತ್ತಿಕೊಂಡು, "ಹೆಸರ ಗೊತ್ತದ ಇಲ್ಲೋ?" ಎಂದ.

ಅಪ್ಪ ಮುಂದೆ ಬಂದು, ಮಗ್ಗದ ಸದ್ದಿನಲ್ಲೂ ಕೇಳುವಷ್ಟು ಜೋರಾಗಿ ಅವಳ ಹೆಸರು ಹೇಳಿದ. ಅವಳ ಅಪ್ಪನ ಹೆಸರು, ಊರಿನ ಹೆಸರನ್ನೂ ಹೇಳಿದ. ಕಾರಕೂನ ಬರೆದುಕೊಂಡು, "ನಾತೆ? ಏನಾಗ್ಬೇಕು?" ಎಂದು ಕೇಳಿದ.

"ನನಗ ಸೊಸಿ," ಎಂದ ಅಪ್ಪ. "ಇವಗ ಏನಾಗ್ಬೇಕು ಅಂತ ಇವನಿಗೇ ಬರಿ ಅನ್ರಿ. ಅದಕ್ಕೇ ಸಾಲಿ ಕಲ್ಸೀನಿ."

ನಾನು ಲೇಖಣಿ ತೆಗೆದುಕೊಂಡು ಬರೆದೆ. ಅಪ್ಪ ಬಗ್ಗಿ ನಿಂತು, ಅಕ್ಷರ ಒಂದೂ ತಿಳಿಯದಿದ್ದರೂ, ಬರೆದು ಮುಗಿಸುವವರೆಗೆ ನೋಡಿದ.