ಒಲೆ ಹಚ್ಚಲು ಬರುತ್ತಿದ್ದ ಪಕ್ಕದ ಮನೆ ಆಂಟಿ

ನಿನ್ನೆ ನಾವಿರುವ ಊರು ಕೊಲಂಬಿಯಾದ ಇಂಡಿಯನ್ ಸ್ಟೋರಿನಲ್ಲಿ ಸಬ್ಬಸಿಗೆ ಸೊಪ್ಪಿನ ಕಟ್ಟು ಎತ್ತಿ ಮೂಸಿದೆ. ಸೊಪ್ಪನ್ನು ಮೂಸಿಯೇ ಕೊಳ್ಳುವುದು ನನ್ನ ಚಾಳಿ. ಗಂಡ ನಾಚಿಕೊಂಡು ದೂರ ನಿಲ್ಲುತ್ತಾನೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆ ಆಂಟಿ ನೆನಪಾದರು...

ಆಂಟಿ ಯಹೂದಿ. ಎಪ್ಪತ್ತು ದಾಟಿದ್ದರು, ಗಂಡ ಇರಲಿಲ್ಲ, ನಕ್ಕರೆ ನಮ್ಮ ಮನೆಗೆ ಕೇಳಿಸುತ್ತಿತ್ತು. ಕೋಷರ್ ಎನ್ನುವ ಅವರ ಊಟದ ನೇಮ ಬಲು ಬಿಗಿ. ರಸ್ತೆಯವರೆಲ್ಲ ಒಬ್ಬೊಬ್ಬರು ಒಂದೊಂದು ಅಡುಗೆ ತಂದು ಪಾಟ್‌ಲಕ್ ಮಾಡಿದರೆ ಅವರು ಮಾತ್ರ ಮನೆಯಿಂದ ಡಬ್ಬಿ ತಂದು, ನಮ್ಮ ಜೊತೆ ಹರಟುತ್ತಾ ತಣ್ಣಗಿನದನ್ನು ತಿನ್ನುತ್ತಿದ್ದರು. ಕೋವಿಡ್ ಬಂದ ಮೇಲೆ ಅವರ ಬಳಗದ ಶುಕ್ರವಾರದ ಊಟಗಳೂ ನಿಂತುಹೋದವು. ಇನ್ನೊಬ್ಬರು ಬಿಸಿಬಿಸಿಯಾಗಿ ಬಡಿಸಿದ್ದನ್ನು ಉಂಡು ವರ್ಷವೇ ಆಯಿತು ಎಂದು ಒಮ್ಮೆ ಬೇಲಿಯಾಚೆಯಿಂದ ಹೇಳಿದರು. ಒಂದು ಸಲವಾದರೂ ಇವರಿಗೆ ಬಿಸಿ ಅನ್ನ ಬಡಿಸಲೇಬೇಕೆಂದು ಹಟ ಹಿಡಿದೆ.

ಆಂಟಿ ಒಪ್ಪಿದರು, ಕೆಲವು ಷರತ್ತು ಹಾಕಿ. ಪಾತ್ರೆ, ಸೌಟು ಹೊಸದಾಗಿರಬೇಕು. ಎಣ್ಣೆ ಅವರ ಮನೆಯದು. ಸೊಪ್ಪಿನಲ್ಲಿ ಹುಳವಿಲ್ಲವೆಂದು ಅವರೇ ನೋಡಬೇಕು. ಅಡುಗೆ ನಾವು ಮಾಡಬಹುದು, ಒಲೆ ಮಾತ್ರ ಅವರೇ ಹಚ್ಚಬೇಕು. ಇದೇನು ಮಹಾ ಎಂದುಕೊಂಡೆ. ಮೈಸೂರಿನಿಂದ ಬಂದಿದ್ದ ಅತ್ತೆಯ ವಿಚಾರ ತಲೆಗೇ ಹೊಳೆಯಲಿಲ್ಲ.

ಅತಿಥಿಗೆ ತಾವೇ ಅಡುಗೆ ಮಾಡಬೇಕೆಂದು ಅತ್ತೆ ಅವತ್ತು ಸ್ನಾನ ಮಾಡಿ, ಮಡಿಸೀರೆ ಉಟ್ಟು ತಯಾರಾಗಿದ್ದರು. ಮಡಿಯಲ್ಲಿದ್ದಾಗ ಅವರನ್ನಾಗಲಿ ಒಲೆಯನ್ನಾಗಲಿ ಸೊಸೆಯಾದ ನಾನೂ ಮುಟ್ಟುವಂತಿಲ್ಲ. ತೊಳೆಯುವ ಮುಂಚೆ ಸೊಪ್ಪಿಗೆ ಮೈಲಿಗೆಯಿಲ್ಲವಂತೆ; ಹಾಗಾಗಿ ಇಬ್ಬರೂ ಎದುರುಬದುರು ಕೂತು ಸಬ್ಬಸಿಗೆ ಬಿಡಿಸಿದರು. ಆಂಟಿ ಒಂದೊಂದೇ ಎಸಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅವರ ಕಣ್ಣು ತಪ್ಪಿದ ಒಂದು ಹುಳವನ್ನು ಅತ್ತೆ ಹಿಡಿದುಬಿಟ್ಟರು. ಆಂಟಿ ಚಪ್ಪಾಳೆ ಹೊಡೆದದ್ದೇ ಹೊಡೆದದ್ದು! ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದಿದ್ದರೂ ಗೆಳೆತನ ಕುದುರಿತು.

ಬೇಳೆ, ನೀರು ಹಾಕಿದ ಹೊಸ ಪಾತ್ರೆಯನ್ನು ಅತ್ತೆ ಒಲೆಯ ಮೇಲಿಟ್ಟರು. ಆಂಟಿ ನಾಬ್‌ಗೆ ಕೈ ಚಾಚಿದರು.

"ಅಯ್ಯೋ, ಮಡಿ! ಮಡಿ!" ಎಂದು ಅತ್ತೆ ಕೂಗಿಕೊಂಡರು.

ಆಂಟಿ ಹಚ್ಚಿದರೆ ಅತ್ತೆ ಉಣ್ಣುವುದಿಲ್ಲ, ಅತ್ತೆ ಹಚ್ಚಿದರೆ ಆಂಟಿ ಉಣ್ಣುವುದಿಲ್ಲ. ನಾನು ಅಡಕತ್ತರಿಯಲ್ಲಿ ಸಿಕ್ಕಿದ ಅಡಕೆಯಾದೆ.

"ಅತ್ತೆ, ಇದು ಅವರ ಮಡಿ. ಒಲೆ ಅವರೇ ಹಚ್ಚದಿದ್ರೆ ಅವರು ಊಟ ಮಾಡೋ ಹಾಗಿಲ್ಲ," ಎಂದೆ.

ಅತ್ತೆ ಆಂಟಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇವರಲ್ಲೂ ಮಡಿ ಇದೆಯೇನೇ? ಮೊದ್ಲೇ ಹೇಳಬಾರ್ದಾ! ಸ್ನಾನ ಆಗಿದ್ಯಾ ಕೇಳು."

ಕೇಳಿದೆ. ಬೆಳಿಗ್ಗೆಯೇ ಆಯಿತೆಂದು ಆಂಟಿ ಗಂಭೀರವಾಗಿ ಹೇಳಿದರು. ಅತ್ತೆ ಸೆರಗು ಬಿಗಿದುಕೊಂಡು ಒಂದಿಷ್ಟು ಸರಿದು ನಿಂತರು. "ಹಚ್ಚಲಿ. ಪಾತ್ರೆ ಮಾತ್ರ ಮುಟ್ಟೋದು ಬೇಡ ಅನ್ನು."

ಅದನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ತಮ್ಮ ಅಜ್ಜಿಯೂ ಹೀಗೇ ಗದರುತ್ತಿದ್ದರೆಂದು ಆಂಟಿ ಬಿದ್ದು ಬಿದ್ದು ನಗುತ್ತಾ ಒಲೆ ಹಚ್ಚಿದರು.

ಪೇಪರ್ ತಟ್ಟೆಯಲ್ಲಿ ಅನ್ನ, ಸಬ್ಬಸಿಗೆ ತೊವ್ವೆ. ಆಂಟಿ ಬೇಡ ಬೇಡವೆನ್ನುತ್ತಲೇ ಮತ್ತೆ ಮತ್ತೆ ಹಾಕಿಸಿಕೊಂಡರು. "ಪಾಪ, ಎಷ್ಟು ಹಸಿದಿತ್ತೋ ಜೀವ," ಎಂದು ಅತ್ತೆ ಕಣ್ಣೊರೆಸಿಕೊಂಡರು. ಅವತ್ತು ನನಗಾದಷ್ಟು ಸಂತೋಷ ನನ್ನ ಗೃಹಪ್ರವೇಶದ ದಿನವೂ ಆಗಿರಲಿಲ್ಲ. ಅತ್ತೆ ಊರಿಗೆ ಮರಳಿದ ಮೇಲೂ ಆಂಟಿ ಭಾನುವಾರ ಬಂದರೆ ಸಾಕು, ಒಲೆ ಹಚ್ಚಲು ಹಾಜರ್...

ಹೋದ ಚಳಿಗಾಲ ಅವರು ತೀರಿಕೊಂಡರು. ಮಗಳು ಬಂದು ಆ ಮನೆಯಲ್ಲಿ ಸೂತಕಕ್ಕೆ ಕೂತಿದ್ದಳು. ಸಾವಿನ ಮನೆಯವರಿಗೆ ನೆರೆಯವರೇ ಉಣ್ಣಲು ಕೊಡಬೇಕಲ್ಲ, ಅದು ಅವರಲ್ಲೂ ಇದೆ. ಅದೇ ಪಾತ್ರೆ ತೆಗೆದು ಬೇಳೆ ತೊಳೆದಿಟ್ಟೆ. ನಾಬ್ ಮೇಲೆ ಕೈಯಿಟ್ಟಾಗ ಹೊಳೆಯಿತು. ನಾನು ಹಚ್ಚಿದರೆ ಆ ಮನೆಗೆ ಆಗದು. ಅಂಗಡಿಯಿಂದ ಕೋಷರ್ ಮುದ್ರೆಯಿದ್ದ ಊಟದ ಪೊಟ್ಟಣ ಕೊಂಡು ಕೊಟ್ಟು ಬಂದೆ.

ಇವತ್ತು ತೊವ್ವೆ ಮಾಡಿದೆನೆಂದು ಫೋನಿನಲ್ಲಿ ಹೇಳಿದರೆ ಅತ್ತೆ, "ಒಲೆ ಯಾರೇ ಹಚ್ಚಿದ್ದು?" ಎಂದರು.

"ನಾನೇ, ಅತ್ತೆ."