ನಿಧಾನದ ಬ್ಯಾಚು

ನನ್ನ ಸ್ವಭಾವದಲ್ಲಿ ಧೈರ್ಯ ಕಡಿಮೆ, ಆದ್ದರಿಂದ ಹೊಸ ಸಾಫ್ಟ್‌ವೇರ್ ನನ್ನ ತಲೆಗೆ ಬೇಗ ಹತ್ತುವುದಿಲ್ಲ ಎಂದು ನಮ್ಮ ಕಾಲೇಜು ಒಂದು ಹಾಳೆಯಲ್ಲಿ ಬರೆದಿಟ್ಟಿತ್ತು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಆ ಹಾಳೆ ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಹರಿಹರದಲ್ಲಿ ಅವ್ವ ರವಿಕೆ ಹೊಲಿಯುತ್ತಿದ್ದಳು. ನನ್ನ ಕೈಗೆ ಕತ್ತರಿ ಕೊಟ್ಟದ್ದು ಎಂಟನೇ ಕ್ಲಾಸಿನಲ್ಲಿ, ಅದೂ ಹಳೇ ಪೇಪರ್ ಕತ್ತರಿಸಲು. "ಬ್ಯಾರೇರ ಬಟ್ಟೆ ಐತೆ ಅದು. ಒಂದ್ಸಲ ಕತ್ರಿ ಇಟ್ರೆ ಮತ್ತೆ ಕೂಡಲ್ಲ. ಗೊತ್ತಾಗೋ ತನಕ ಮುಟ್ಟಬ್ಯಾಡ," ಎನ್ನುತ್ತಿದ್ದಳು. ಎರಡು ಸಲ ಅಳೆದು, ಗೆರೆ ಎಳೆದು, ಆಮೇಲೆ ಕತ್ತರಿ. ನಮ್ಮ ಅನ್ನ ಹುಟ್ಟಿದ್ದೇ ಆ ಎಚ್ಚರಿಕೆಯಲ್ಲಿ.

ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದೆ. ಮನೆ ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಕಲಿಸುವ ಮೊದಲು ಲ್ಯಾಬಿನ ಮೇಷ್ಟ್ರು ಒಂದು ಪ್ರಶ್ನೆಪಟ್ಟಿ ಹಂಚಿದರು. ವ್ಯಕ್ತಿತ್ವ ಪರೀಕ್ಷೆಯಂತೆ. 'ಹೊಸ ವಸ್ತುವನ್ನು ಯಾರೂ ಹೇಳಿಕೊಡುವ ಮೊದಲೇ ಬಳಸಿ ನೋಡುತ್ತೀರಾ?' ಇದ್ದದ್ದನ್ನೇ ಬರೆದೆ, ಇಲ್ಲ ಎಂದು. ಇಲ್ಲ ಎಂದವರೆಲ್ಲ ನಿಧಾನದ ಬ್ಯಾಚು. ಒಂದು ಕಂಪ್ಯೂಟರಿಗೆ ಮೂವರು. ಪ್ರಾಜೆಕ್ಟಿನ ನಕ್ಷೆ ಚುರುಕಿನವರಿಗೆ, ಅದರ ವರದಿ ಟೈಪ್ ಮಾಡುವುದು ನಮಗೆ. ನಕ್ಷೆ ಬಿಡಿಸದ ಸಿವಿಲ್ ಎಂಜಿನಿಯರಿಗೆ ಯಾರು ಕೆಲಸ ಕೊಡುತ್ತಾರೆ?

ಪಿ.ಜೆ. ಬಡಾವಣೆಯ ಹುಡುಗನೊಬ್ಬ ಕಂಡಕಂಡದ್ದನ್ನು ಒತ್ತಿ ಎರಡು ಸಲ ಕಂಪ್ಯೂಟರ್ ಕೆಡಿಸಿದ. "ಭಾರಿ ಧೈರ್ಯ ಐತಪ್ಪ ನಿಂಗೆ," ಎಂದು ಮೇಷ್ಟ್ರು ನಕ್ಕರು. ಒಂದು ಕೆಟ್ಟರೆ ಇನ್ನೊಂದು ತರುವ ಮನೆ ಅವನದು. ಅದಕ್ಕೂ ಸ್ವಭಾವ ಎಂದೇ ಹೆಸರು!

ಒಂದು ದಿನ ಮೇಷ್ಟ್ರು ತಾವೇ ಬಿಡಿಸಿದ ನಕ್ಷೆ ತೆರೆದು, ಒಂದು ಗೋಡೆ ಸರಿಸು ಎಂದರು. ನನ್ನ ಕೈ ಮೌಸಿನ ಮೇಲೆ ಹಾಗೇ ನಿಂತಿತು.

"ಯಾಕ ಹಂಗೆ ಕುಂತಿ? ಹಾವೈತೇನು ಅದ್ರಾಗೆ?"

ಎಲ್ಲರೂ ನಕ್ಕರು. ನಾನು ಕೇಳಿದೆ: "ತಪ್ಪಿದ್ರೆ ವಾಪಸ್ ತರಾಕ ಬರ್ತೈತೇನ್ರಿ ಸರ್?"

"ಅನ್‌ಡೂ ಒತ್ತಿದ್ರೆ ಬರ್ತೈತಮ್ಮ. ಅಷ್ಟೂ ಗೊತ್ತಿಲ್ಲೇನು?"

"ನೀವು ಹೇಳೇ ಇಲ್ಲಲ್ರಿ."

ಇಡೀ ನಕ್ಷೆ ಅಳಿಸಿಬಿಟ್ಟೆ. "ಏಯ್!" ಎಂದು ಮೇಷ್ಟ್ರು ಮುಂದೆ ಬಂದರು. ಅನ್‌ಡೂ ಒತ್ತಿದೆ. ಬಾಗಿಲು, ಮೆಟ್ಟಿಲು ಎಲ್ಲ ಮರಳಿ ಬಂದವು. ಗೋಡೆ ಸರಿಸಿದೆ, ತಪ್ಪಿತು, ವಾಪಸ್ ತಂದು ಮತ್ತೆ ಸರಿಸಿದೆ. ಅವರ ನಕ್ಷೆಯಲ್ಲಿ ಅಡುಗೆಮನೆ ಬಾಗಿಲಿನ ಅಳತೆ ತಪ್ಪಿತ್ತು, ಅದನ್ನೂ ತೋರಿಸಿದೆ.

"ಈಗ ಬ್ಯಾಚ್ ಬದಲಿ ಮಾಡ್ರಿ."

"ಲಿಸ್ಟ್ ಆಫೀಸಿಗೆ ಹೋಗೈತೆ. ಅದಕ್ಕೇನೂ ಮಾಡಾಕ ಬರಲ್ಲ."

"ಹಂಗಾದ್ರೆ ನಾನೂ ವರದಿ ಟೈಪ್ ಮಾಡಲ್ರಿ."

ಮಾಡಲಿಲ್ಲ. ನನ್ನ ಪಾಲಿನ ವರದಿ ಖಾಲಿಯೇ ಉಳಿದು, ಪ್ರಾಜೆಕ್ಟ್ ಸಲ್ಲಿಸುವ ದಿನ ಹತ್ತಿರ ಬಂದಾಗ ಲಿಸ್ಟ್ ತಾನಾಗೇ ಬದಲಾಯಿತು, ನಕ್ಷೆ ನನ್ನ ಕೈಗೆ ಬಂತು. ಈಗ ಅದೇ ನನ್ನ ಕೆಲಸ. ಆದರೆ ಆ ದಿನ ಬದಲಾದದ್ದು ನನ್ನ ಹೆಸರೊಂದೇ. ನನ್ನ ಜೊತೆ ಒಂದೇ ಕಂಪ್ಯೂಟರಿಗೆ ಕೂತಿದ್ದ ಇಬ್ಬರೂ ಕೊನೆಯವರೆಗೆ ವರದಿ ಟೈಪ್ ಮಾಡುತ್ತಲೇ ಉಳಿದರು.